ಗೇಟಿನ ಮುಂದೆ ಇಳಿಸಿದ ಚಟ್ಟ

"ಇಳಿಸ್ರೋ ಇಲ್ಲೇ!"

ಸರಸಮ್ಮನ ಕೂಗಿಗೆ ಚಟ್ಟ ಹೊತ್ತವರು ತಬ್ಬಿಬ್ಬಾದರು. ಮಸಣದ ದಾರಿಯಲ್ಲಿ ಹೆಣವನ್ನು ಒಮ್ಮೆ ಇಳಿಸಿ, ದಿಕ್ಕು ತಿರುಗಿಸಿ ಎತ್ತುವುದು ಊರಿನ ಪದ್ಧತಿ. ಆದರೆ ಇದು ಶೀಸೆಗಳಲ್ಲಿ ಗಿಡ ಬೆಳೆಸುವ ಕಂಪನಿಯ ಗೇಟು. ಸರಸಮ್ಮನ ತಾಯಿ, ಈಗ ಚಟ್ಟದ ಮೇಲಿರುವ ಬೈರಮ್ಮ, ಬದುಕಿರುವವರೆಗೂ ದುಡಿದ ಜಾಗ.

"ಇಳಿಸೋ ಹುಣಸೆಮರದ ಜಾಗ ಇನ್ನೂ ಮುಂದೈತೆ ಕಣಮ್ಮಿ," ಎಂದ ಸೋದರಮಾವ ವೆಂಕಟಯ್ಯ.

"ಮರ ರಸ್ತೆ ಅಗಲ ಮಾಡೋರ ಪಾಲಾಯ್ತು. ಇನ್ನೆಲ್ಲಿ ಇಳಿಸ್ತೀಯ ಮಾವ, ಟೋಲ್‌ನಾಗಾ?"

ಚಟ್ಟ ನೆಲ ಮುಟ್ಟಿತು. ಕಾವಲುಗಾರ ಗೌಸ್ ಟೋಪಿ ತೆಗೆದು ತಲೆ ತಗ್ಗಿಸಿದ. ಮ್ಯಾನೇಜರ್ ಅನಂತರಾಜು ಓಡಿಬಂದ.

"ಏನಮ್ಮಾ ಇದು? ಕಂಪನಿ ಮುಚ್ಚಾಯ್ತು, ಕಟ್ಟಡ ಕೊಂಡೋರು ಈಗ ಬರ್ತಾರೆ. ಎತ್ತಿಸಿ!"

"ನಮ್ಮವ್ವ ಸಾಕಿದ ಗಿಡದ ಬಾಟ್ಲು ಕೊಡಿ, ಎತ್ತುಸ್ತೀನಿ."

"ಅವು ಕಂಪನಿ ಮಾಲು. ಇವತ್ತೇ ಹಬೆಗೆ ಹಾಕಿ ಸಾಯಿಸ್ಬೇಕು ಅಂತ ಆರ್ಡರ್ ಆಗಿದೆ."

"ಬೆಂಗಳೂರಿನ ಕಾಲೇಜಿನೋರು ಬಿಟ್ಟಿಯಾಗಿ ಸಾಕ್ತೀವಿ ಅಂದ್ರೂ ಕೊಡಾಕಿಲ್ಲ ಅಂದ್ರಿ. ಆಸ್ಪತ್ರೆ ಮಂಚದ ಮೇಲೂ ಅವ್ವ ಅದನ್ನೇ ಕೇಳ್ತಿದ್ಲು."

*

ಬೈರಮ್ಮ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಗಿಡ ಬೆರಳುದ್ದವೂ ಇರಲಿಲ್ಲ. ಅನಾನಸಿನ ಕುಲದ್ದು, ಬ್ರೆಜಿಲ್ ದೇಶದ ಯಾವುದೋ ಬಂಡೆಯ ಮೇಲೆ ಹುಟ್ಟಿದ್ದು. ಆ ಬಂಡೆಯನ್ನು ಒಡೆದು ಮಾರಿದ ಮೇಲೆ ಕಾಡಿನಲ್ಲಿ ಅದರ ಸಂತಾನವೇ ಉಳಿದಿಲ್ಲವೆಂದು ಕೆಲಸ ಕಲಿಸಿದವರು ಹೇಳಿದರು.

"ನಮ್ಮೂರ ಬಂಡೇನೂ ಒಡೆದು ಲಾರಿಗೆ ತುಂಬವ್ರೆ," ಎಂದಳು ಬೈರಮ್ಮ. "ಹಂಗಾರೆ ಇದಕ್ಕೂ ನಮಗೂ ನಂಟಸ್ತಿಕೆ ಐತೆ."

ಆ ಗಿಡಕ್ಕೆ ಗಿರಾಕಿಗಳಿರಲಿಲ್ಲ. ಮಾರಾಟವಾಗದ್ದಕ್ಕೆ ಜಾಗವೇಕೆ ಎಂದು ಅನಂತರಾಜು ಗದರಿದ ದಿನ ಅವಳು ತಲೆಯೆತ್ತಿ ನುಡಿದಳು: "ನಿಮ್ಮನ್ನೂ ಯಾರೂ ಕೊಂಡ್ಕೊಂಡಿಲ್ಲ ಸಾರ್. ಆದ್ರೂ ಕುರ್ಚಿ ಕೊಟ್ಟಿಲ್ವಾ?"

ಮುಖವಸ್ತ್ರಗಳ ಹಿಂದೆ ಕೋಣೆಯೆಲ್ಲ ನಕ್ಕಿತು. ಅಂದಿನಿಂದ ಅವಳು ಊಟದ ಬಿಡುವಿನಲ್ಲಿ ಮುದ್ದೆಯನ್ನು ಗಬಗಬನೆ ನುಂಗಿ, ದೀಪದ ಉರಿಯಲ್ಲಿ ಚಾಕು ಕಾಯಿಸಿ, ಮೊಳಕೆಗಳನ್ನು ಬಿಡಿಸಿ ಹೊಸ ಶೀಸೆಗಳಿಗೆ ಸಾಗಿಸತೊಡಗಿದಳು. ಒಂದು ಸೊರಗಿದರೆ ಇನ್ನೊಂದು ಚಿಗುರುತ್ತಿತ್ತು.

*

"ಪೊಲೀಸ್ ಕರೆಸ್ತೀನಿ!" ಎಂದ ಅನಂತರಾಜು.

"ಕರೆಸಿ. ಚಟ್ಟ ಹೊರಾಕೆ ಜನ ಸಾಲ್ದು."

ವೆಂಕಟಯ್ಯ ಹತ್ತಿರ ಬಂದು ದನಿ ತಗ್ಗಿಸಿದ. "ಹೆಣ ಬೀದೀಲಿ ಮಡಗಿ ಜಗಳ ಆಡಿದ್ರೆ ಮಾನ ಉಳಿದೀತಾ ಮಗ?"

"ಮಾನ ಐತೆ ಅಂತಾನೇ ಇಳಿಸಿದ್ದು ಮಾವ."

ಅಷ್ಟರಲ್ಲಿ ಕೊಂಡವರ ಕಾರು ಬಂದು, ಒಳಹೋಗಲು ದಾರಿಯಿಲ್ಲದೆ ಹಾರ್ನ್ ಹೊಡೆಯಿತು. ಹೆಣದ ಮುಂದೆ ನಡೆದು ಬಂದಿದ್ದ ಬೋರಲಿಂಗಯ್ಯ ತಮಟೆ ಬಾರಿಸಿ ಉತ್ತರ ಕೊಟ್ಟ. ಮತ್ತೆ ಹಾರ್ನ್; ಮತ್ತೆ ತಮಟೆ. ಕಾರಿನ ಗಾಜಿಳಿದು ಒಂದು ಮುಖ ಹೊರಬಂದು ಅನಂತರಾಜುವನ್ನು ದುರುಗುಟ್ಟಿ ನೋಡಿತು.

"ಗೌಸ್," ಎಂದ ಅನಂತರಾಜು, "ತಂದು ಕೊಟ್ಟು ಕಳಿಸಯ್ಯ, ಹಾಳಾಗ್ಲಿ!"

ಗೌಸ್ ಎರಡು ಸಲ ಒಳಹೋಗಿ ಬಂದ. ಚಟ್ಟದ ಹಿಂದೆ ಬಂದಿದ್ದ ಹೆಂಗಸರು ಒಬ್ಬೊಬ್ಬರೂ ಒಂದೊಂದು ಶೀಸೆಯನ್ನು ಎರಡೂ ಕೈಯಲ್ಲಿ ಹಿಡಿದರು. ಗಾಜಿನೊಳಗೆ ಎಳೆಹಸಿರು ನಡುಗಿತು. ಚಟ್ಟ ದಿಕ್ಕು ತಿರುಗಿ ಮೇಲೆದ್ದಿತು. ಬೈರಮ್ಮನ ಮುಖದ ಮೇಲೆ ವೆಂಕಟಯ್ಯ ಕೊಡೆ ಬಿಚ್ಚಿದ.

"ಮಾವ, ಕೊಡೆ ಇತ್ಲಾಗೆ ತಾ. ಬಿಸಿಲಿಗೆ ಗಿಡ ಬಾಟ್ಲೊಳಗೇ ಬೆಂದೋಯ್ತವೆ."

"ನಿಮ್ಮವ್ವನ ಮುಖ?"

"ಅವ್ವಂಗೆ ಏನೂ ಆಗಾಕಿಲ್ಲ."

ವೆಂಕಟಯ್ಯ ಅಕ್ಕನನ್ನೊಮ್ಮೆ ನೋಡಿ, ಹಿಂದೆ ಸರಿದು ಹೆಂಗಸರ ಸಾಲಿಗೆ ಸೇರಿ ಶೀಸೆಗಳ ಮೇಲೆ ಕೊಡೆ ಹಿಡಿದ. ಮುಂದೆ, ನಾಲ್ವರ ಹೆಗಲ ಮೇಲೆ, ಅರಿಶಿನ ಬಳಿದ ಆ ಮುಖ ನಡುಹಗಲ ಬಿಸಿಲಿಗೆ ನೇರವಾಗಿ ಹೊಳೆಯುತ್ತ ಸಾಗಿತು.