ಸೊಂಟದೆತ್ತರದ ಅಳತೆ

"ಏಯ್ ಮುದುಕಿ, ಮೀಟರ್ ಮುಟ್ಬೇಡ! ನಿನ್ನ ಕೈ ತಾಗಿದ್ರೆ ಅದಕ್ಕೂ ರೋಗ ಬರುತ್ತೆ," ಎಂದು ಮೇಸ್ತ್ರಿ ಗದರಿದ.

ಮರಳು ಕಾರ್ಖಾನೆಯಲ್ಲಿ ಬುಟ್ಟಿ ಹೊರುವವಳು ಕೈ ಹಿಂದಕ್ಕೆಳೆದುಕೊಂಡಳು. ಅವಳ ಒಂದೇ ಕೋಣೆಯ ಮನೆ. ಬಾಗಿಲ ಬಳಿ ಮೂರುಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಸೊಂಟದೆತ್ತರಕ್ಕೆ ಮೀಟರ್ ಕೂರಿಸಿದ್ದ ಅಳತೆಯ ಸಾಹೇಬ. ಮಣ್ಣಿನಿಂದ ತಾನಾಗಿ ಹೊಮ್ಮುವ, ಕಣ್ಣಿಗೆ ಕಾಣದ ಗಾಮಾ ಕಿರಣವನ್ನು ಅದು ಟಿಕ್ ಟಿಕ್ ಎಂದು ಎಣಿಸುತ್ತಿತ್ತು. ಎಣಿಕೆ ಮಿತಿ ಮೀರಿದರೆ ಕಾರ್ಖಾನೆ ಬೇರೆ ಮನೆ ಕೊಡಬೇಕು. ಮೂಲೆಯ ಚಾಪೆಯ ಮೇಲೆ ಎಂಟು ತಿಂಗಳ ಬಸುರಿ ಮಗಳು ಮಲಗಿದ್ದಳು.

"ಮಿತಿಯೊಳಗೇ ಇದೆ," ಎಂದ ಸಾಹೇಬ.

"ನನ್ನ ಮಗಳೇನು ಗಾಳೀಲಿ ತೇಲ್ತಾ ಮಲಗ್ತಾಳಾ ಸ್ವಾಮಿ? ಆ ಮೂಲೇಲಿ, ನೆಲದ ಮೇಲಿಡಿ."

"ಒಂದು ಮೀಟರ್ ಎತ್ತರದಲ್ಲೇ ಅಳೀಬೇಕಮ್ಮಾ. ನಿಯಮ."

"ನಿಮ್ಮ ನಿಯಮಕ್ಕೆ ಮಂಚ ಇದೆ. ನಮಗಿಲ್ಲ."

ಮೇಸ್ತ್ರಿ ಕಿಸಕ್ಕನೆ ನಕ್ಕ. "ಬಿಟ್ಟಿ ಮರಳು ಅಂತ ಹಲ್ಲುಗಿಂಜಿ ಹೊತ್ಕೊಂಡು ಬಂದೋಳು ನೀನೇ ತಾನೇ, ಮುಂಡೇ?"

ಅದು ಸುಳ್ಳಲ್ಲ, ಅದಕ್ಕೇ ಅಷ್ಟು ಚುಚ್ಚಿತು. ಆರು ತಿಂಗಳ ಹಿಂದೆ ಮ್ಯಾನೇಜರನ ಬಂಗಲೆಯ ನೆಲ ಅಗೆದು ಕಪ್ಪು ಮರಳನ್ನು ಹೊರಗೆ ಸುರಿಸಿದ್ದರು. ಯಾಕೆಂದು ಕೂಲಿಯವರಿಗೆ ಯಾರು ಹೇಳುತ್ತಾರೆ? ಮಗಳು ಮಲಗುವ ಮೂಲೆ ಹಳ್ಳ ಬಿದ್ದಿತ್ತು. ಇವಳೇ ಹದಿನೆಂಟು ಬುಟ್ಟಿ ಹೊತ್ತು ತಂದು, ಬಡಿದು, ಅಂಗೈಯಿಂದ ನುಣುಪು ಮಾಡಿದ್ದಳು. ಹೆತ್ತವಳೇ ಕೈಯಾರೆ ಹಾಸಿಕೊಟ್ಟಿದ್ದಳು!

ಸಾಹೇಬ ಚೀಲದಲ್ಲಿ ಪೆನ್ನು ಹುಡುಕುತ್ತಿದ್ದಾಗ ಅವಳು ಮೀಟರನ್ನು ಕಸಿದು ಮಗಳ ಬೆನ್ನ ಪಕ್ಕ ನೆಲಕ್ಕಿಟ್ಟಳು. ಟಿಕ್ ಟಿಕ್ ಸದ್ದು ಕಾದ ಬಾಣಲೆಯಲ್ಲಿ ಕಾಳು ಸಿಡಿದಂತೆ ಚಟಪಟಗುಟ್ಟಿತು.

"ಈಗ ಬರ್ಕೊಳ್ಳಿ."

ಸಾಹೇಬ ಮೇಸ್ತ್ರಿಯ ಮುಖ ನೋಡಿದ. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ.

"ಅವ್ವಾ, ಬಿಟ್ಬಿಡು," ಮಗಳು ಅತ್ತಳು. "ಎಲ್ಲಿಗೇಂತ ಹೋಗೋಣ?"

"ನಾವು ಹೋಗಲ್ಲ ಕಣೇ. ಮರಳು ಹೋಗುತ್ತೆ."

ಮಗಳನ್ನು ಹೊಸ್ತಿಲಾಚೆ ಕೂರಿಸಿ ಗುದ್ದಲಿ ಎತ್ತಿದಳು. ಮೊದಲ ಬುಟ್ಟಿ ತುಂಬಿತು. ತಲೆಗೇರಿಸಿಕೊಂಡು ನಡೆದೇಬಿಟ್ಟಳು. ಮೇಸ್ತ್ರಿ ಬೈಯುತ್ತ, ಸಾಹೇಬ ಮೀಟರ್ ಅವಚಿಕೊಂಡು ಹಿಂದೆಯೇ ಓಡಿದರು. ಬಂಗಲೆಯ ಕಾವಲುಗಾರ ಅಡ್ಡ ಬಂದವನು ಅವಳ ಮುಖ ನೋಡಿ ಸರಿದುಕೊಂಡ. ಮಲಗುವ ಕೋಣೆಗೇ ನುಗ್ಗಿ, ಮ್ಯಾನೇಜರನ ಮಂಚದ ಬಿಳಿ ಹಾಸಿಗೆಯ ಮೇಲೆ ಅಷ್ಟೂ ಸುರಿದಳು.

"ಅಳೀರಿ ಸ್ವಾಮಿ. ನಿಮ್ಮ ಎತ್ತರಕ್ಕೇ ತಂದಿದೀನಿ."

ಸಾಹೇಬನ ಕೈಯಲ್ಲಿ ಮೀಟರ್ ಚಟಪಟಗುಟ್ಟುತ್ತಲೇ ಇತ್ತು. ಅವಳು ಖಾಲಿ ಬುಟ್ಟಿ ಕೊಡವಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ಇನ್ನೂ ಹದಿನೇಳು ಬುಟ್ಟಿ ಇದೆ," ಎಂದಳು.