ಕಿವಿಯೊಳಗಿನ ಕಾಳು

"ಕತ್ತು ಅಲ್ಲಾಡಿಸ್ಬೇಡಿ ಅಂದ್ನಲ್ಲ, ಕಾಳು ಬಿದ್ದೋಗತ್ತೆ" ಎಂದು ಹೆಂಡತಿ ಗದರಿದಳು. ದೊಡ್ಡಪ್ಪ ಕ್ಷೌರಕ್ಕೆ ಕೂತವರ ಹಾಗೆ ನೆಟ್ಟಗಾದರು. ಹುರುಳಿಕಾಳಿಗಿಂತ ಕೊಂಚ ದಪ್ಪಗಿದ್ದ, ಮಾತು ಕೇಳಿಸುವ ಆ ಯಂತ್ರವನ್ನು ಆಕೆ ಕಿರುಬೆರಳಿನಿಂದ ಅವರ ಬಲಗಿವಿಯೊಳಗೆ ಒತ್ತಿ ಕೂರಿಸಿ, ಮೇಲೆ ಬಿಳಿಗೂದಲನ್ನು ಎಳೆದು ಮುಚ್ಚಿದಳು. ಪೊಲೀಸ್ ಅಂಗಿಯ ಕಾಲರನ್ನು ಸರಿಮಾಡಿ, ಹೆಗಲ ಮೇಲಿದ್ದ ಪೌಡರನ್ನು ಊದಿದಳು.

ಊರೆಲ್ಲ ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿತ್ತು. ಟೀವಿಯ ಒಂದು ಅಪರಾಧ ಧಾರಾವಾಹಿಯ ಮೊದಲೆರಡು ಸೀಸನ್ನುಗಳಲ್ಲಿ ಅವರು ಮಾಡಿದ ಮುದಿ ಪೊಲೀಸಿನವನ ಪಾತ್ರ ಅಷ್ಟು ಹೆಸರು ಮಾಡಿತ್ತು. ಕೊಲೆಗಾರರನ್ನು ಬೈಯದೆ, ಹೊಡೆಯದೆ, ಮನೆಯ ಹಿರಿಯರ ಹಾಗೆ ಮಾತಾಡಿಸಿ ಬಾಯಿ ಬಿಡಿಸುವ ಪಾತ್ರ ಅದು. ಪ್ರಶಸ್ತಿಗಳೂ ಬಂದವು. ಮೂರನೇ ಸೀಸನ್ನಿನ ಚಿತ್ರೀಕರಣ ಶುರುವಾಗುವ ಹೊತ್ತಿಗೆ ದೊಡ್ಡಪ್ಪನಿಗೆ ನೆನಪು ಕೈಕೊಟ್ಟಿತು. ವೈದ್ಯರು ಕಾಯಿಲೆಯ ಹೆಸರು ಬರೆದುಕೊಟ್ಟ ಚೀಟಿಯನ್ನು ಹೆಂಡತಿ ಸೀರೆಗಳ ಅಡಿಯಲ್ಲಿಟ್ಟು ಬಾಯಿಗೆ ಬೀಗ ಹಾಕಿಕೊಂಡಳು.

ಆಕೆಗೆ ಧೈರ್ಯ ಬಂದದ್ದು ತನ್ನ ಹಳೆಯ ಕಸುಬಿನಿಂದ. ನಾಟಕ ಕಂಪನಿಯಲ್ಲಿ ಅವರು ನಲವತ್ತು ವರ್ಷ ರಾಜನೋ ಕಳ್ಳನೋ ಆಗಿ ಮೆರೆದಿದ್ದರೆ, ಆಕೆ ಅಷ್ಟೂ ವರ್ಷ ರಂಗದ ಎಡಗಡೆಯ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಮಾತು ಎತ್ತಿಕೊಟ್ಟ ಪ್ರಾಂಪ್ಟರ್. ಅವರು ಯಾವ ಪದದಲ್ಲಿ ತಡವರಿಸುತ್ತಾರೆ ಎಂಬುದು ಅವರಿಗಿಂತ ಮೊದಲು ಆಕೆಗೆ ಗೊತ್ತಾಗುತ್ತಿತ್ತು. ಆದ್ದರಿಂದ ಸೌಂಡಿನವನ ಬಳಿ ಹೋಗಿ, "ನಮ್ಮೋರಿಗೆ ಕಿವಿ ಸ್ವಲ್ಪ ಮಂದ ಆಗಿದೆ ಕಣಪ್ಪ" ಎಂದು ಒಂದು ಸುಳ್ಳು ಹೇಳಿ ಈ ಕಾಳನ್ನು ಗಿಟ್ಟಿಸಿಕೊಂಡಿದ್ದಳು. ಪಕ್ಕದ ಕೋಣೆಯಲ್ಲಿ ಸೌಂಡಿನವನ ಬಳಿಯೇ ಆಕೆಗೊಂದು ಕುರ್ಚಿ, ಕೆಂಪು ದೀಪದ ಮೈಕು, ಎದುರಿಗೆ ಚಿತ್ರೀಕರಣ ಕಾಣುವ ಒಂದು ಟೀವಿ ಪರದೆ. ಮೂರು ಕಂತುಗಳನ್ನು ಹೀಗೆಯೇ ದಾಟಿಸಿದ್ದಳು. ಮರೆವಿನ ವಿಷಯ ಯಾರಿಗೂ ಗೊತ್ತಾಗಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದಳು ಕೂಡ.

ಅವತ್ತಿನದು ವಿಚಾರಣೆಯ ದೃಶ್ಯ. ಕೊಲೆಯ ಸಾಕ್ಷ್ಯವನ್ನು ಮುಚ್ಚಿಹಾಕಿದ ಅನುಮಾನ ಈ ಸಲ ಮುದಿ ಪೊಲೀಸಿನವನ ಮೇಲೆಯೇ ಬಂದಿದೆ. ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಹುಡುಗಿ ಪ್ರಶ್ನೆ ಕೇಳುತ್ತಾಳೆ, ಇವರು ಸಲೀಸಾಗಿ ಉತ್ತರ ಕೊಡಬೇಕು.

"ಆವತ್ತು ಸಂಜೆ ಎಲ್ಲಿದ್ರಿ?" ಎಂದಳು ಇನ್ಸ್‌ಪೆಕ್ಟರ್ ಪಾತ್ರದ ನಟಿ.

"ಠಾಣೆಯಿಂದ ಆರಕ್ಕೆ ಹೊರಟೆ" ಎಂದು ಹೆಂಡತಿ ಮೈಕಿನಲ್ಲಿ ಪಿಸುಗುಟ್ಟಿದಳು. ದೊಡ್ಡಪ್ಪ ಅದನ್ನೇ ತಮ್ಮ ಗತ್ತಿನಲ್ಲಿ ಹೇಳಿದರು. ಇನ್ನೆರಡು ಸಾಲು ಸರಾಗವಾಗಿ ಹೋಯಿತು. ಮೂರನೆಯದಕ್ಕೆ ಅವರು ನಿಂತರು. ಆಕೆ ಮತ್ತೆ ಹೇಳಿದಳು. ಇನ್ನೊಂದು ಸಲ, ಕೊಂಚ ಗಟ್ಟಿಯಾಗಿ. ಆಮೇಲೆ ಕಣ್ಣು ಮೈಕಿನ ಮೇಲೆ ಬಿತ್ತು. ಕೆಂಪು ದೀಪ ಆರಿತ್ತು.

"ಏ, ಇದು ಆಫಾಗಿದೆ ನೋಡಪ್ಪ" ಎಂದಳು. ಸೌಂಡಿನವನು ತಲೆ ಎತ್ತಲಿಲ್ಲ. ಅವನ ಹಿಂದೆ ನಿಂತಿದ್ದ ನಿರ್ದೇಶಕ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ಪರದೆಯ ಮೇಲೆ ದೊಡ್ಡಪ್ಪ ಎಡಗಡೆಗೆ ತಿರುಗಿ ನೋಡುತ್ತಿದ್ದರು. ಅಲ್ಲಿ ಗೋಡೆಯಿತ್ತು. ಆಕೆ ಎದ್ದು ಬಾಗಿಲವರೆಗೆ ಹೋದಳು. ಹತ್ತು ಹೆಜ್ಜೆ ಇಟ್ಟಿದ್ದರೆ ಅವರ ಪಕ್ಕದಲ್ಲಿರುತ್ತಿದ್ದಳು, ದೃಶ್ಯವೂ ಕೆಟ್ಟುಹೋಗುತ್ತಿತ್ತು. ಆದರೆ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. ಆಟ ನಡೆಯುವಾಗ ಪ್ರಾಂಪ್ಟರ್ ರಂಗದ ಮೇಲೆ ಕಾಲಿಡುವುದಿಲ್ಲ. ಹಿಂದೊಮ್ಮೆ ಇದೇ ಗಂಡ ರಂಗದ ಮೇಲಿನ ಮೆಟ್ಟಿಲಿನಿಂದ ಬಿದ್ದು ತೋಳು ಮುರಿದುಕೊಂಡಾಗಲೂ ಆಕೆ ಸ್ಟೂಲು ಬಿಟ್ಟೇಳದೆ ಮುಂದಿನ ಸಾಲು ಹೇಳಿದ್ದಳು, ಅವರು ಮುರಿದ ತೋಳಿನಲ್ಲೇ ಮುಗಿಸಿದ್ದರು. ಅದನ್ನು ಇಬ್ಬರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅಂಥ ಹೆಮ್ಮೆಗೆ ಬೆಂಕಿ ಬೀಳಲಿ!

"ಎಲ್ಲಿದ್ರಿ ಅಂತ ಕೇಳಿದೆ" ಎಂದಳು ನಟಿ.

"ಅವಳು ಇಲ್ಲೇ ಇರ್ತಿದ್ಲು..." ದೊಡ್ಡಪ್ಪನ ಧ್ವನಿ ಸಣ್ಣಗಾಯಿತು. "ಮನೆಗೆ ಹೋಗ್ಬೇಕಿತ್ತು. ನಮ್ಮನೆ ಯಾವ ಕಡೆ ತಾಯಿ?"

ನಟಿ ಒಂದು ಕ್ಷಣ ಗಾಬರಿಯಾದಳು. ಆದರೆ ಕಸುಬು ಬಲ್ಲವಳು, ಕೂಡಲೇ ಮೇಜು ಕುಟ್ಟಿ, "ನಾಟಕ ಸಾಕು!" ಎಂದಳು.

ಸಾಕು ಎಂದದ್ದೇ ತಡ, ದೊಡ್ಡಪ್ಪ ಆಟ ಮುಗಿಯಿತೆಂದುಕೊಂಡರು. ವೇಷ ಕಳಚಲು ಅಂಗಿಯ ಗುಂಡಿಗಳನ್ನು ಬಿಚ್ಚತೊಡಗಿದರು. ಮೂರನೆಯ ಗುಂಡಿ ಬಿಚ್ಚಲಾಗದೆ, ಅದನ್ನೇ ತಿರುಗಿಸುತ್ತ ಅಳುವುದಕ್ಕೆ ಶುರುಮಾಡಿದರು. ಕ್ಯಾಮೆರಾ ಅವರ ಬೆರಳಿನ ಹತ್ತಿರಕ್ಕೆ ಜಾರಿತು. ನಿರ್ದೇಶಕ ನಾಲ್ಕು ನಿಮಿಷ ಕಟ್ ಹೇಳಲಿಲ್ಲ.

ಹೇಳಿದ ಮೇಲೆ ಇಡೀ ತಂಡ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇಕಪ್ಪಿನವಳು ಕಣ್ಣೊರೆಸಿಕೊಂಡಳು. ಚಪ್ಪಾಳೆ ಕಿವಿಗೆ ಬಿದ್ದದ್ದೇ ದೊಡ್ಡಪ್ಪನ ಬೆನ್ನು ನೆಟ್ಟಗಾಯಿತು. ಬಿಚ್ಚಿದ ಅಂಗಿಯಲ್ಲೇ ಎದೆಯ ಮೇಲೆ ಕೈಯಿಟ್ಟು ಮೂರೂ ದಿಕ್ಕಿಗೆ ಬಾಗಿದರು. ಆಮೇಲೆ ಹೆಂಡತಿಯ ಬಳಿ ಬಂದು, "ಚೆನ್ನಾಗಿ ಬಂತೇನೇ?" ಎಂದರು.

"ಬಂತು" ಎಂದಳು ಆಕೆ.

ಅವರನ್ನು ಮೇಕಪ್ ಕೋಣೆಯಲ್ಲಿ ಕೂರಿಸಿ ಆಕೆ ನೇರ ನಿರ್ದೇಶಕನ ಬಳಿಗೆ ಹೋದಳು. "ನಿಮ್ಮಪ್ಪನಿಗೆ ಹೀಗೆ ಮಾಡ್ತಿದ್ಯೇನಪ್ಪ?"

"ನಮ್ಮಪ್ಪಂಗೆ ನಟನೆ ಬರ್ತಿರ್ಲಿಲ್ಲ, ದೊಡ್ಡಮ್ಮ" ಎಂದ ಅವನು. ಅಣಕವಿರಲಿಲ್ಲ, ಮೆತ್ತಗೆ, ನಿಜ ಹೇಳುವವನ ಹಾಗೆ ಹೇಳಿದ. "ಕೂತ್ಕೊಳ್ಳಿ. ಅವರ ವಿಷಯ ನಂಗೆ ಒಂದು ವಾರದಿಂದ ಗೊತ್ತು. ಚಾನೆಲ್ಲಿನೋರು ಈ ಪಾತ್ರಾನ ನಾಲ್ಕನೇ ಕಂತಲ್ಲೇ ಗುಂಡು ಹೊಡ್ಸಿ ಮುಗಿಸ್ಬಿಡು, ಮುದುಕರು ನಿಧಾನ ಆಗಿದಾರೆ ಅಂತಿದಾರೆ. ಇವತ್ತಿಂದು ನೋಡಿದ್ರೆ ಸುಮ್ನಾಗ್ತಾರೆ. ಮರೆವಿನ ಪೊಲೀಸು, ತಾನೇ ಕೊಲೆ ಮಾಡಿದ್ನೋ ಇಲ್ವೋ ಅನ್ನೋದೂ ನೆನಪಿಲ್ಲ. ಕಥೆ ಆ ಕಡೆ ತಿರುಗಿಸ್ತೀನಿ. ಹತ್ತನೇ ಕಂತಿನ ತನಕ ಇರ್ತಾರೆ. ಆದ್ರೆ ಹಿಂಗೇ ಇರ್ಬೇಕು."

"ಅವರಿಗೆ ಹೇಳಿ ಮಾಡ್ಸಿ."

"ಹೇಳಿದ್ರೆ ನಟಿಸ್ತಾರೆ" ಎಂದ ನಿರ್ದೇಶಕ. "ನಾಳೆಯಿಂದ ಮೈಕು ನೀವೇ ಆರಿಸ್ಬೇಕು. ನಾವು ಆರಿಸಿದ್ರೆ ಒಂದಲ್ಲ ಒಂದಿನ ಎದ್ದು ಒಳಗೆ ಬಂದ್ಬಿಡ್ತೀರ. ಮೊದಲ ನಾಲ್ಕು ಸಾಲು ಕೊಡಿ, ಸಾಕು. ಬೇಡ ಅಂದ್ರೆ ಹೇಳಿ, ಗುಂಡಿನ ದೃಶ್ಯ ರೆಡಿ ಇದೆ."

ಆಕೆಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ಕಣ್ಣ ಮುಂದೆ ಬಂದದ್ದು ಹಿಂದಿನ ವಾರದ ಎರಡು ದಿನದ ರಜೆ. ಆ ಎರಡು ದಿನವೂ ದೊಡ್ಡಪ್ಪ ಮನೆಯಲ್ಲಿ ಚಪ್ಪಲಿ ಹಾಕಿಕೊಂಡು ಗೋಡೆಗೆ ಮುಖ ಮಾಡಿ, ಕಾರು ಯಾವಾಗ ಬರತ್ತೆ ಎಂದು ಕೇಳುತ್ತ ಕೂತಿದ್ದರು. ಎರಡನೆಯ ದಿನ ನೀರು ಕೊಡಲು ಹೋದವಳಿಗೆ, "ನೀವ್ಯಾರಮ್ಮ?" ಎಂದಿದ್ದರು. ಸೆಟ್ಟಿಗೆ ಬಂದರೆ ಮಾತ್ರ ಅವರು ಅವರಾಗಿರುತ್ತಿದ್ದರು. ಮೇಕಪ್ಪಿನವಳನ್ನು ರೇಗಿಸುತ್ತಿದ್ದರು, ಆಕೆಯನ್ನು ಏನೇ ಎನ್ನುತ್ತಿದ್ದರು. ಆ ಏನೇ ಎಂಬ ಮಾತನ್ನು ಕಳೆದುಕೊಳ್ಳುವ ಶಕ್ತಿ ಆಕೆಗಿರಲಿಲ್ಲ. ಬೇಡ ಎನ್ನದೆ ಎದ್ದು ಬಂದಳು.

ಮರುದಿನ ಕಾರಿನಲ್ಲಿ ದೊಡ್ಡಪ್ಪ ಒಳ್ಳೆಯ ಹುರುಪಿನಲ್ಲಿದ್ದರು. ಏನಾಗಿತ್ತೋ, ಬೆಳಗಿನಿಂದ ಆಕೆ ಓದಿಸಿದ ಮಾತುಗಳನ್ನು ಎರಡು ಸಲ ತಪ್ಪಿಲ್ಲದೆ ಒಪ್ಪಿಸಿದ್ದರು. "ನೋಡ್ತಿರು, ಇವತ್ತು ನೀನು ಬಾಯಿ ಬಿಡೋದೇ ಬೇಡ" ಎಂದು ನಕ್ಕರು. ಕಿಟಕಿಯಾಚೆ ಯಾರೋ ಗುರುತು ಹಿಡಿದು ಕೈಬೀಸಿದರೆ ಇವರೂ ಬೀಸಿದರು. ಇವತ್ತು ಹೇಗೋ ಪೂರ್ತಿ ಹೇಳಿಬಿಡಲಿ ಎಂದು ಆಕೆ ದಾರಿಯುದ್ದಕ್ಕೂ ಬೇಡಿಕೊಂಡಳು. ಹೇಳಿಬಿಟ್ಟರೆ ಗುಂಡಿನ ದೃಶ್ಯ ತಪ್ಪಿದ್ದಲ್ಲ ಎಂದು ಹೊಳೆದಾಗ ಬೇಡಿಕೊಳ್ಳುವುದನ್ನೂ ನಿಲ್ಲಿಸಿದಳು.

ಮಧ್ಯಾಹ್ನಕ್ಕೆ ಮೊದಲು ದೃಶ್ಯ ಶುರುವಾಯಿತು. ದೊಡ್ಡಪ್ಪ ಸತ್ತವನ ತಾಯಿಗೆ ಸಮಾಧಾನ ಹೇಳಬೇಕು. ಹೆಂಡತಿ ಮೊದಲನೆಯ ಸಾಲು ಕೊಟ್ಟಳು. ಎರಡನೆಯದು, ಮೂರನೆಯದು. ಧ್ವನಿ ನಡುಗದ ಹಾಗೆ, ಒಂದೊಂದು ಅಕ್ಷರವನ್ನೂ ಬಿಡಿಸಿ, ಕಂಪನಿಯ ದಿನಗಳಲ್ಲೂ ಕೊಟ್ಟಿರದಷ್ಟು ಚೆನ್ನಾಗಿ ಕೊಟ್ಟಳು. ನಾಲ್ಕನೆಯದು ಮುಗಿಯಿತು. ನಿರ್ದೇಶಕ ಆಕೆಯ ಕಡೆ ನೋಡಲೂ ಇಲ್ಲ.

ಆಕೆ ಗುಂಡಿ ಒತ್ತಿದಳು. ಕೆಂಪು ದೀಪ ಆರಿತು.

ಪರದೆಯ ಮೇಲೆ ದೊಡ್ಡಪ್ಪನ ಮಾತು ನಿಂತಿತು. ಅವರು ಕತ್ತನ್ನು ಎಡಕ್ಕೆ ಕೊಂಚ ವಾಲಿಸಿದರು. ಮುಖದಲ್ಲಿ ಗಾಬರಿ ಇನ್ನೂ ಬಂದಿರಲಿಲ್ಲ. ನಲವತ್ತು ವರ್ಷದಲ್ಲಿ ಆಕೆ ಒಂದೇ ಒಂದು ಸಾಲಿಗೂ ತಡಮಾಡಿದವಳಲ್ಲ. ಸ್ವಲ್ಪವೇ ತೆರೆದ ಬಾಯಿಯಲ್ಲಿ, ಈಗ ಬರುತ್ತದೆ ಎಂಬ ಸಣ್ಣ ನಗು ಇಟ್ಟುಕೊಂಡು ಅವರು ಕಾಯುತ್ತಿದ್ದರು.