ಲಿಂಗವಸ್ತ್ರದ ಉರಿ

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ, ಭಾಲ್ಕಿಯ ತಮ್ಮ ಮನೆಯ ದೇವರ ಕೋಣೆಯಲ್ಲಿ ಹಾವಗೆಪ್ಪನವರು ಕೊರಳಿನ ಲಿಂಗವಸ್ತ್ರವನ್ನು ಬಿಚ್ಚಿದರು. ಎರಡು ಮೊಳದ ಬಿಳಿ ಅರಿವೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿರಿಸಿಕೊಂಡು, ಅರಿವೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಒತ್ತಿಕೊಂಡದ್ದೇ ತಡ, ರೆಪ್ಪೆಗೆ ಕೆಂಡ ತಾಗಿದಂತಾಯಿತು. ಅಂಗೈಯೂ ಉರಿಯತೊಡಗಿತು. ಅಂಗಿ ಸರಿಸಿ ನೋಡಿಕೊಂಡರೆ ಎದೆಯ ಮೇಲೆ, ಸರಿಯಾಗಿ ಲಿಂಗ ತಾಗುವ ಜಾಗದಲ್ಲಿಯೇ, ಕೆಂಪು ಗಂಧೆಗಳು ದಡ್ಡುಗಟ್ಟಿ ಎದ್ದಿದ್ದವು.

ಅರವತ್ತು ವರ್ಷ ಕಟ್ಟಿಕೊಂಡ ಲಿಂಗ. ಒಂದು ದಿನವೂ ಹೀಗೆ ಸುಟ್ಟಿರಲಿಲ್ಲ.

ಕಾರಣ ಹುಡುಕಲು ಅವರು ದೂರ ಹೋಗಬೇಕಾಗಿರಲಿಲ್ಲ. ಚೈತ್ರದಲ್ಲಿ ಹೆಂಡತಿ ಕಸ್ತೂರಿಬಾಯಿ ತೀರಿಕೊಂಡಾಗ ಮೂರು ದಿನ ಅವರು ಪೂಜೆಗೆ ಕುಳಿತಿರಲಿಲ್ಲ. ಲಿಂಗವಂತರಿಗೆ ಸಾವಿನ ಸೂತಕವಿಲ್ಲವೆಂದು ಓಣಿಗೆಲ್ಲ ಹೇಳುತ್ತ ಬಂದವರೇ, "ನನ್ನಾಕಿನ್ನ ಒಯ್ದಿ, ಇನ್ನ ನಿನಗ್ಯಾಕ ಪೂಜಿ?" ಎಂದು ಮುಖ ತಿರುಗಿಸಿದ್ದರು. ಆ ಮಾತಿಗೇ ಲಿಂಗ ಈಗ ತಮ್ಮನ್ನು ಒಲ್ಲೆನ್ನುತ್ತಿದೆ.

ಯಾರಿಗೂ ಹೇಳಲಿಲ್ಲ. ವಿಭೂತಿಯನ್ನು ನೀರಿನಲ್ಲಿ ಕಲಸಿ ಎದೆಗೆ ತಿಕ್ಕಿಕೊಂಡರು. ಉರಿ ಹೆಚ್ಚಾಯಿತು. ಹೆಚ್ಚಾದಷ್ಟೂ ಮತ್ತೆ ತಿಕ್ಕಿಕೊಂಡರು. ಮೂರನೆಯ ದಿನಕ್ಕೆ ಎಡಗಣ್ಣು ಮುಚ್ಚಿಯೇ ಹೋಯಿತು. ಆಗ ಸೊಸೆ ಸುವರ್ಣಾ ಗಾಬರಿಯಾಗಿ, ಔರಾದದ ಬೀಜದಂಗಡಿಯಲ್ಲಿದ್ದ ಗಂಡನಿಗೆ ಫೋನಿನಲ್ಲಿ ವಿಷಯ ತಿಳಿಸಿ, ಮಾವನನ್ನು ಕರೆದುಕೊಂಡು ಬೀದರದ ಬಸ್ಸು ಹತ್ತಿದಳು.

ಬೀದರದ ಬಸ್‌ಸ್ಟ್ಯಾಂಡಿನಲ್ಲಿ ಆಟೋದ ಖಾಸಿಂ ಅಲಿ ಅವರ ಮುಖ ನೋಡಿ ಹೌಹಾರಿದ. "ಯಾ ಅಲ್ಲಾ! ಈ ವಯಸ್ಸಿನಾಗ ಜೇನ ಬಿಡಿಸ್ಲಾಕ ಹೋಗಿದ್ರೇನು ಚಾಚಾ?"

"ಸುಮ್ಮ ಹೊಡಿಯಪ್ಪ ಗಾಡಿ," ಎಂದಳು ಸುವರ್ಣಾ.

ಚರ್ಮದ ಡಾಕ್ಟರು ಆಮ್ರಪಾಲಿ ಔರಾದದ ಕಡೆಯ ಹೆಣ್ಣುಮಗಳು. ಎದೆಯನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಇದಕ್ಕೇನ ಹಚ್ಚೀರಿ ಕಾಕಾ?"

"ವಿಭೂತಿ, ತಾಯಿ."

"ತಿಕ್ಕಿದ್ರೇನು?"

"ದಿನಾ ಮೂರ ಸಲ."

"ಅಯ್ಯ, ತಿಕ್ಕಿ ತಿಕ್ಕಿ ಎಲ್ಲಾ ಒಳಗ ಹೊಗಿಸೀರಲ್ಲರಿ!" ಎಂದವಳು ಕೈಗೆ ಗವಸು ಹಾಕಿಕೊಂಡಳು. "ಲಿಂಗ ನಿಮ್ಮ ಹಂತೇಕೇ ಇರಲಿ. ಅರಿವಿ ಅಷ್ಟ ಕೊಡ್ರಿ."

ಅರಿವೆಯನ್ನು ದೀಪದ ಕೆಳಗೆ ಹಿಡಿದು ಭೂತಗನ್ನಡಿಯಿಂದ ನೋಡಿದಳು. "ಇದನ್ನ ತೊಳೆದು ಎಲ್ಲಿ ಒಣಗಹಾಕ್ತೀರಿ?"

"ಹಿತ್ತಲದಾಗ. ನುಗ್ಗಿ ಗಿಡದ ಟೊಂಗಿಗಿ."

"ಗಿಡದಾಗ ಕಂಬಳಿಹುಳ ಅದಾವೇನು?"

"ಅದಾವೇನಂತ ಕೇಳ್ತೀರಿ ಬಾಯಾರ!" ಎಂದಳು ಸುವರ್ಣಾ. "ಬೊಡ್ಡಿಗಿ ಗೊಂಗಡಿ ಹೊಚ್ಚಿದಂಗ ಕುಂತಾವ."

"ಅವುಗಳ ಕೂದಲ ಇದು ಕಾಕಾ. ಹುಳ ಮೈಮ್ಯಾಲ ಹರೀಬೇಕಂತಿಲ್ಲ, ಕೂದಲ ಅರಿವ್ಯಾಗ ಕುಂತರ ಸಾಕು. ಲಿಂಗದ್ದೇನೂ ತಪ್ಪಿಲ್ರಿ."

ಅಂಟುಪಟ್ಟಿಯನ್ನು ಎದೆಗೆ ಅಂಟಿಸಿ ಮೆಲ್ಲಗೆ ಕಿತ್ತು ತೋರಿಸಿದಳು. ಪಟ್ಟಿಯ ತುಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಎಳೆಗಳು ಮಿಣುಗುಟ್ಟುತ್ತಿದ್ದವು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಬೇಕು, ತಿಕ್ಕಬಾರದು, ಆ ಅರಿವೆಯನ್ನು ಮತ್ತೆ ಮುಟ್ಟಬಾರದು, ಕಣ್ಣಿನ ಡಾಕ್ಟರಿಗೆ ಇವತ್ತೇ ತೋರಿಸಬೇಕು ಎಂದು ಹೇಳಿ ಮುಲಾಮು, ಗುಳಿಗೆ ಬರೆದುಕೊಟ್ಟಳು. ಹಾವಗೆಪ್ಪನವರು ಲಿಂಗ ಹಿಡಿದ ಮುಷ್ಟಿಯನ್ನು ಹಣೆಗೆ ಹಚ್ಚಿಕೊಂಡು ಮಗುವಿನಂತೆ ಅತ್ತುಬಿಟ್ಟರು. ಒಲ್ಲೆ ಅಂದಿಲ್ಲ. ಶಿವ ತಮ್ಮನ್ನು ಬಿಟ್ಟಿಲ್ಲ.

"ಮನ್ಯಾಗ ಮತ್ತ ಯಾರಿಗರ ಆಗ್ಯಾದೇನು?" ಎಂದು ಕೇಳಿದಳು ಡಾಕ್ಟರು.

ಸುವರ್ಣಾ ತಡೆದು ಹೇಳಿದಳು, "ಈಗ ಯಾರಿಗೂ ಇಲ್ರಿ."

ಹೊರಗೆ ಬಂದು ನಳದ ಕೆಳಗೆ ಲಿಂಗವನ್ನು ತೊಳೆಯುತ್ತ ಹಾವಗೆಪ್ಪನವರು ಕೇಳಿದರು: "ಈಗ ಇಲ್ಲ ಅಂದ್ಯಲ್ಲ ಸುವರ್ಣಾ, ಮೊದಲ ಯಾರಿಗಾಗಿತ್ತು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅತ್ತಿಯವರಿಗಿ. ಹೋದ ಶ್ರಾವಣದಾಗ. ನಿಮ್ಮ ಅರಿವಿ ಒಳಗ ಹಗ್ಗಕ್ಕ ಹಾಕ್ತಿದ್ರು, ತಮ್ಮದು ಆ ಗಿಡಕ್ಕ. ಎದಿ ತುಂಬ ಗಂಧಿ ಎದ್ದವು. ಲಿಂಗ ನನ್ನ ಒಲ್ಲೆ ಅನ್ಲಾಕತ್ತದ ಅಂತ ಅತ್ತು, ಬಿಚ್ಚಿ ಗ್ವಾಡಿ ಮಾಡದಾಗ ನಿಮ್ಮ ಪುಸ್ತಕದ ಹಿಂದ ಇಟ್ರು."

"ಸುಳ್ಳ! ಕಡೀ ತನಕ ಆಕಿ ಕೊರಳಾಗಿತ್ತು. ನಾ ನೋಡೀನಿ."

"ಅರಿವಿ ಇತ್ತುರಿ ಮಾವಾ. ನಿಮಗ ತಿಳೀಬಾರದಂತ ಒಳಗ ಒಂದು ಅಡಕಿ ಇಟ್ಟು ಗಂಟ ಹಾಕ್ತಿದ್ರು. ಆದ್ರೂ ಉರಿ ಹೋಗಲಿಲ್ಲ. ಲಿಂಗ ಬಿಟ್ಟರೂ ಉರಿ ಬಿಡವಲ್ದು, ನನ್ನ ಪಾಪ ದೊಡ್ಡದು ಅಂತಿದ್ರು. ಚಳಿಗಾಲಕ್ಕ ಕಡಿಮಿ ಆತು. ಆದ್ರ ಮತ್ತ ಲಿಂಗ ಮುಟ್ಟೋ ಧೈರ್ಯ ಆಗಲಿಲ್ಲ ಅವರಿಗಿ."

ನಳದ ನೀರು ಹರಿಯುತ್ತಲೇ ಇತ್ತು.

"ಮಣ್ಣ ಮಾಡೋ ದಿನ?" ಎಂದರು ಹಾವಗೆಪ್ಪನವರು. "ನಾನೇ ಲಿಂಗ ಬಿಚ್ಚಿ ಆಕಿ ಅಂಗೈಯಾಗ ಇಟ್ಟೀನಲ್ಲ?"

"ಅವತ್ತು ನೀವು ಹೊರಗ ಕುಂತಾಗ ನಾನೇ ಅಡಕಿ ತಗದು ಲಿಂಗ ಕಟ್ಟಿದ್ನಿರಿ."

ಎಂಟು ತಿಂಗಳು. ದಿನವೂ ಪೂಜೆಯ ಹೊತ್ತಿಗೆ ಕಸ್ತೂರಿಬಾಯಿ ಅವರ ಬೆನ್ನ ಹಿಂದೆ ಕೂರುತ್ತಿದ್ದಳು, ಅಂಗೈಯಲ್ಲಿ ಅಡಕೆ ಇಟ್ಟುಕೊಂಡು. ಹಾವಗೆಪ್ಪನವರು ಒಂದು ದಿನವೂ ತಿರುಗಿ ನೋಡಿರಲಿಲ್ಲ.

"ನೀನರ ನನಗೊಂದ ಮಾತ ಹೇಳಬಾರದಿತ್ತೇನವ್ವ?"

"ಹೇಳಿದ್ರ ನೀವು ಏನಂತಿದ್ರಿ ಮಾವಾ?"

ಕೇಳಿದ ಮೇಲೆ ಸುವರ್ಣಾಳಿಗೆ ಅಂಜಿಕೆಯಾಯಿತು. ಹಾವಗೆಪ್ಪನವರು ನಳವನ್ನು ನಿಲ್ಲಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ಪಾಪ ಮಾಡಿದಿ ಅಂತಿದ್ನೆವ್ವ ಆಕಿಗಿ," ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತರು.